ಕಾರಿನಲ್ಲಿ ಕಾಶಿಗೆ: ಮೈ ಹಿಂಡುವ ಆ ಮೂರನೇ ದಿನವನ್ನು ದಾಟೋದು ಹೇಗೆ?

ಬೆಂಗಳೂರಿನಿಂದ ಕಾಶಿಗೆ ಸುಮಾರು 1,800 ಕಿಲೋಮೀಟರ್. ಹೈದರಾಬಾದ್, ನಾಗಪುರ, ಜಬಲ್‌ಪುರ, ರೀವಾ ದಾಟಿ ಹೋಗುವ ದಾರಿ. ಈ ದಾರಿಯ ಬಗ್ಗೆ ಬರೆದಾಗಲೆಲ್ಲ ಹೋಗಿ ಬಂದವರು ಹೇಳುವ ಕಷ್ಟ ಹೆಚ್ಚೂಕಮ್ಮಿ ಒಂದೇ. ಮೊದಲ ದಿನ ಉತ್ಸಾಹ ಇರುತ್ತದೆ. ಎರಡನೇ ದಿನ ಪರವಾಗಿಲ್ಲ. ಮೂರನೇ ದಿನ ಎಲ್ಲ ಹದಗೆಡುತ್ತದೆ. ಮಗು ವಾಂತಿ ಮಾಡುತ್ತದೆ, ಅಜ್ಜಿಯ ಕಾಲು ಊದಿಕೊಳ್ಳುತ್ತದೆ, ಗಂಡ ಹೆಂಡತಿ ಮಾತು ಬಿಡುತ್ತಾರೆ. ಕೊನೆಗೆ ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಊರಿನಲ್ಲಿ ರೂಮು ಹುಡುಕಿಕೊಂಡು ಅಲೆಯುತ್ತಾರೆ.

ಈ ದಿನ ಕೆಡೋದು ಹಿಂದಿನ ಸಂಜೆಯೇ, ಮ್ಯಾಪ್ ನೋಡಿ ಕಿಲೋಮೀಟರ್ ಲೆಕ್ಕ ಹಾಕಿದಾಗ. ಅದಕ್ಕೇ ಇಲ್ಲಿ ಇಡೀ ಪ್ರವಾಸದ ಬಗ್ಗೆ ಬರೆದಿಲ್ಲ. ಒಂದೇ ಒಂದು ದಿನವನ್ನು ಹಿಡಿದುಕೊಂಡಿದ್ದೇನೆ: ನಾಗಪುರದಿಂದ ರೀವಾಕ್ಕೆ, ಸುಮಾರು 500 ಕಿಲೋಮೀಟರ್, ಡಿಸೆಂಬರ್ ತಿಂಗಳಲ್ಲಿ, ಕಾರಿನಲ್ಲಿ ಮಕ್ಕಳು ಮತ್ತು ವಯಸ್ಸಾದವರು ಇರುವಾಗ. ರಾಜಸ್ಥಾನಕ್ಕೋ ಕಾಶ್ಮೀರಕ್ಕೋ ಹೊರಟವರಿಗೂ ಇದೇ ಕ್ರಮ ನಡೆಯುತ್ತದೆ. ಊರಿನ ಹೆಸರು ಬದಲಾಯಿಸಿಕೊಳ್ಳಿ ಅಷ್ಟೇ. ಆದರೆ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಕೈಗೆ ಸಿಗುವಂತಿರಬೇಕಾದ ಸಾಮಾನು

ಟೈರಿನ ಗಾಳಿ ನೋಡುವ ಗೇಜ್, 12 ವೋಲ್ಟ್‌ನ ಗಾಳಿ ಪಂಪ್, ಕೆಂಪು ತ್ರಿಕೋನ, ಟಾರ್ಚು, ಜಾಕು ಮತ್ತು ಗಾಳಿ ಸರಿಯಿರುವ ಸ್ಟೆಪ್ನಿ. ಓಆರ್‌ಎಸ್ ಪೊಟ್ಟಣ, ಎಲ್ಲರ ಮಾತ್ರೆಗಳ ಡಬ್ಬಿ, ಮನೆಯಲ್ಲಿ ಶುಗರ್ ಇರುವವರಿದ್ದರೆ ಗ್ಲೂಕೋಮೀಟರ್. ದಪ್ಪ ಪ್ಲಾಸ್ಟಿಕ್ ಕವರ್, ಹಳೇ ಟವೆಲ್ಲು, ಒದ್ದೆ ಟಿಶ್ಯೂ. ಮೊಬೈಲಿನಲ್ಲಿ ಇಳಿಸಿಕೊಂಡ ಆಫ್‌ಲೈನ್ ಮ್ಯಾಪ್. ಪೆಂಚ್ ಕಾಡಿನ ಹತ್ತಿರ ನೆಟ್‌ವರ್ಕ್ ಕೈಕೊಡಬಹುದು.

ಆರ್‌ಸಿ, ಇನ್ಶೂರೆನ್ಸ್, ಲೈಸೆನ್ಸ್, ಹೊಗೆ ತಪಾಸಣೆ ಪತ್ರ ಎಲ್ಲವೂ ಡಿಜಿಲಾಕರ್‌ನಲ್ಲಿದ್ದರೆ ನಡೆಯುತ್ತದೆ. ಫೋನಿನ ಚಾರ್ಜ್ ಮುಗಿದರೆ ಅಂತ ಒಂದು ಜೆರಾಕ್ಸ್ ಸೆಟ್ಟೂ ಇರಲಿ. ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇದ್ದರೂ ಖಾತೆಯಲ್ಲಿ ಹಣ ಇಟ್ಟಿರಿ. 2025ರ ಆಗಸ್ಟ್ 15ರಿಂದ ಬಂದ ಆ ಪಾಸ್ ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಟೋಲ್‌ಗಳಿಗೆ ಮಾತ್ರ. ರಾಜ್ಯ ಸರ್ಕಾರದ ರಸ್ತೆಗಳ ಟೋಲ್‌ಗೆ ಹಣ ಕಟ್ಟಲೇಬೇಕು.

ಹಂತ 1: ಕಿಲೋಮೀಟರ್ ಬಿಡಿ, ಬೆಳಕಿರುವ ಗಂಟೆ ಎಣಿಸಿ

ಸ್ಪೀಡೋಮೀಟರ್ 90 ತೋರಿಸುತ್ತದೆ ಅಂದ ಮಾತ್ರಕ್ಕೆ ಗಂಟೆಗೆ 90 ಕಿಲೋಮೀಟರ್ ಸಾಗುವುದಿಲ್ಲ. ಟೋಲ್, ಡೀಸೆಲ್, ಬಾತ್‌ರೂಮು, ಊಟ, ರಸ್ತೆ ಕಾಮಗಾರಿ ಎಲ್ಲ ಸೇರಿದರೆ ಕುಟುಂಬದ ಕಾರಿಗೆ ಸಿಗುವ ಸರಾಸರಿ ಗಂಟೆಗೆ 50 ಕಿಲೋಮೀಟರ್ ಮಾತ್ರ. ಅದನ್ನೇ ಹಿಡಿಯಿರಿ. 500 ಕಿಲೋಮೀಟರ್ ಅಂದರೆ 10 ಗಂಟೆ. ಮ್ಯಾಪ್ ಇದಕ್ಕಿಂತ ಕಡಿಮೆ ತೋರಿಸುತ್ತದೆ. ಅದು ಎಲ್ಲೂ ಇಳಿಯದೆ ಓಡಿಸಿದಾಗಿನ ಲೆಕ್ಕ.

ಈಗ ಬೆಳಕಿನ ಕಡೆ ನೋಡಿ. ಹೆಚ್ಚಿನವರು ಎಡವೋದು ಇಲ್ಲೇ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗೋದು ಆರು ಗಂಟೆ ಹೊತ್ತಿಗೆ. ಕಾಶಿ ಕಡೆ ಐದೂಕಾಲಿಗೆಲ್ಲ ಮುಳುಗಿಬಿಡುತ್ತದೆ. ಉತ್ತರಕ್ಕೂ ಪೂರ್ವಕ್ಕೂ ಹೋದಷ್ಟು ಸಂಜೆ ಬೇಗ ಬರುತ್ತದೆ. ಅಂದರೆ ನಮ್ಮ ಅಂದಾಜಿನಲ್ಲೇ ಮುಕ್ಕಾಲು ಗಂಟೆ ಕಳೆದುಹೋಗಿರುತ್ತದೆ. ಇತ್ತ ನಾಗಪುರದಲ್ಲಿ ಚೆನ್ನಾಗಿ ಬೆಳಕು ಹರಿಯೋದು ಆರೂವರೆ ಮೇಲೆ. ಹಾಗಾಗಿ ಕೈಯಲ್ಲಿರೋದು ಹತ್ತೂವರೆ ಗಂಟೆಯ ಬೆಳಕು, ಬೇಕಿರೋದು ಹತ್ತು ಗಂಟೆ. ಒಂದು ದೇವಸ್ಥಾನಕ್ಕೂ ಜಾಗವಿಲ್ಲ.

ನಾಗಪುರದಿಂದ ನೇರ ಕಾಶಿಗೇ ಹೋಗಿಬಿಡೋಣ ಅನ್ನುವವರಿಗೂ ಇದೇ ಉತ್ತರ. ಅದು 740 ಕಿಲೋಮೀಟರ್ ಹತ್ತಿರ. 15 ಗಂಟೆ. ಕೊನೆಯ ನಾಲ್ಕೈದು ಗಂಟೆ ಕತ್ತಲಲ್ಲಿ, ದೀಪವಿಲ್ಲದೆ ನಿಂತ ಲಾರಿಗಳ ನಡುವೆ. ಮನೆಯವರನ್ನು ಕೂರಿಸಿಕೊಂಡು ದಯವಿಟ್ಟು ಆ ಸಾಹಸ ಮಾಡಬೇಡಿ.

ಹಂತ 2: ಊರಿಗೊಂದು ಗಡುವು ಬರೆದುಕೊಳ್ಳಿ

ಒಂದು ಚೀಟಿ ತೆಗೆದುಕೊಳ್ಳಿ. ರೂಮು ಸೇರುವ ಹೊತ್ತನ್ನು ಕೆಳಗೆ ಬರೆಯಿರಿ: ರೀವಾ, ಸಂಜೆ 5. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಮೈಹರ್ 3:30, ಕಟ್ನಿ 2:15, ಜಬಲ್‌ಪುರದ ಬೈಪಾಸ್ 11:45, ಲಖನಾದೋನ್ 10:15, ಸಿವನಿ 8:45, ನಾಗಪುರ ಬಿಡೋದು 6:30. ತಿಂಡಿ, ಊಟ, ನಿಲುಗಡೆ ಎಲ್ಲ ಇದರೊಳಗೇ ಬಂತು. ಈ ಚೀಟಿಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಪಕ್ಕದಲ್ಲಿ ಕೂತವರು ಪ್ರತಿ ಊರಿನಲ್ಲೂ ನಿಜವಾದ ಸಮಯ ಬರೆಯಲಿ.

ಲಖನಾದೋನ್ ಹೆಸರಿಗೆ ಗೆರೆ ಎಳೆದುಕೊಳ್ಳಿ. ಅಲ್ಲಿಯವರೆಗೆ ನೀವು ಹೆದ್ದಾರಿ 44ರಲ್ಲಿ ಬಂದಿರುತ್ತೀರಿ. ಅದರಲ್ಲೇ ಮುಂದೆ ಹೋದರೆ ನರಸಿಂಗಪುರ, ಸಾಗರ್, ಝಾನ್ಸಿ ಕಡೆ ಹೋಗಿಬಿಡುತ್ತೀರಿ. ಜಬಲ್‌ಪುರಕ್ಕೆ ಹೆದ್ದಾರಿ 34 ಹಿಡಿಯಬೇಕು. ಅಲ್ಲಿಂದ ಮುಂದೆ ಕಟ್ನಿ, ಮೈಹರ್, ರೀವಾಕ್ಕೆ ಹೆದ್ದಾರಿ 30. ರಸ್ತೆ ಚೆನ್ನಾಗಿದೆ ಅಂತ ಮಾತಾಡುತ್ತಾ ತಿರುವು ತಪ್ಪಿಸಿಕೊಳ್ಳೋದು ತುಂಬಾ ಸುಲಭ.

ಎಚ್ಚರಿಕೆಯ ಗುರುತು: "ದಾರಿಯಲ್ಲೇ ಇದೆಯಲ್ಲ, ನೋಡ್ಕೊಂಡು ಹೋಗೋಣ" ಅನ್ನುವ ಮಾತು. ನರ್ಮದೆಯ ಅಮೃತಶಿಲೆ ಬಂಡೆಗಳಿರುವ ಭೇಡಾಘಾಟ್ ಜಬಲ್‌ಪುರದ ಹತ್ತಿರವೇ ಇದೆ, ನಿಜ. ಮೈಹರ್‌ನ ಶಾರದಾ ದೇವಿ ಗುಡಿಯೂ ದಾರಿಯಲ್ಲೇ ಸಿಗುತ್ತದೆ. ಎರಡೂ ನೋಡಲೇಬೇಕಾದ ಜಾಗಗಳು. ಆದರೆ ಒಂದೊಂದಕ್ಕೂ ಎರಡು ಮೂರು ಗಂಟೆ ಬೇಕು. ನೋಡುವ ಆಸೆ ಇದ್ದರೆ ಜಬಲ್‌ಪುರದಲ್ಲಿ ಒಂದು ರಾತ್ರಿ ಉಳಿಯಿರಿ. ಇದನ್ನು ಮನೆಯಲ್ಲೇ ಎಲ್ಲರ ಮುಂದೆ ತೀರ್ಮಾನ ಮಾಡಿಕೊಂಡು ಹೊರಡಿ. ಗುಡಿಯ ಕಮಾನು ಕಂಡ ಮೇಲೆ ಅಮ್ಮನಿಗೆ ಬೇಡ ಅನ್ನೋದು ಯಾರಿಗೂ ಆಗದ ಮಾತು, ಅಲ್ವಾ?

ಹಂತ 3: ಹಿಂದಿನ ಸಂಜೆಯ ಕೆಲಸ

ರೂಮನ್ನು ನಾಗಪುರದ ಉತ್ತರಕ್ಕೆ, ಕಾಮಠಿ ಕಡೆ ಹಿಡಿಯಿರಿ. ಬೆಳಿಗ್ಗೆ ಇಡೀ ಊರು ದಾಟುವ ಕೆಲಸ ತಪ್ಪುತ್ತದೆ. ಹೈದರಾಬಾದಿನಲ್ಲೂ ಇದೇ ರೀತಿ ಮೇಡ್ಚಲ್ ಕಡೆ ಉಳಿಯೋದು ಒಳ್ಳೆಯದು.

ಡೀಸೆಲ್, ಪೆಟ್ರೋಲ್ ಸಂಜೆಯೇ ತುಂಬಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಕಡಿಮೆ ಗಾಳಿಯಲ್ಲಿ ಓಡಿಸಿದಂತೆ. ಎಷ್ಟು ಗಾಳಿ ಬೇಕು ಅನ್ನೋದು ಡ್ರೈವರ್ ಬಾಗಿಲಿನ ಒಳಚೌಕಟ್ಟಿನ ಸ್ಟಿಕರ್‌ನಲ್ಲಿ ಇರುತ್ತದೆ. ಅದರಲ್ಲಿ ಎರಡು ಸಾಲು ಇರುತ್ತವೆ. ಆರು ಜನ, ಮೇಲೆ ಲಗೇಜು ಇದ್ದಾಗ ಪೂರ್ತಿ ಭಾರದ ಸಾಲನ್ನು ನೋಡಿ.

ಎಲ್ಲರಿಗೂ ಸೇರಿ ರಾತ್ರಿಗೊಂದು ಚಿಕ್ಕ ಬ್ಯಾಗು ಮಾಡಿ. ಅದರಲ್ಲಿ ಒಂದು ಜೊತೆ ಬಟ್ಟೆ, ಬ್ರಷ್ಷು, ಮಾತ್ರೆ, ಚಾರ್ಜರ್. ಇದನ್ನು ಡಿಕ್ಕಿಯಲ್ಲಿ ಎಲ್ಲದಕ್ಕಿಂತ ಮೇಲೆ ಇಡಿ. ರಾತ್ರಿ ಅದೊಂದನ್ನೇ ಇಳಿಸಿ, ಬೆಳಿಗ್ಗೆ ಅದೊಂದನ್ನೇ ಹತ್ತಿಸಿ. ಎಲ್ಲ ಸೂಟ್‌ಕೇಸು ಇಳಿಸಿ ಹತ್ತಿಸುವುದರಲ್ಲೇ ದಿನಕ್ಕೆ ಒಂದು ಗಂಟೆ, ಬೆನ್ನು ಎರಡೂ ಹೋಗುತ್ತವೆ.

ಗಾಡಿ ಓಡಿಸುವವರಿಗೆ ಪ್ಯಾಕಿಂಗ್ ಕೆಲಸ ಕೊಡಬೇಡಿ. ಅವರು ಊಟ ಮಾಡಿ ಒಂಬತ್ತೂವರೆಗೆ ಮಲಗಲಿ. ಕನಿಷ್ಠ ಏಳು ಗಂಟೆ ನಿದ್ದೆ ಅವರಿಗೆ ಸಿಗಲೇಬೇಕು. ಮಕ್ಕಳ ಗಲಾಟೆ ಇದ್ದರೆ ಮಕ್ಕಳು ಅಜ್ಜ ಅಜ್ಜಿಯ ರೂಮಿನಲ್ಲಿ ಮಲಗಲಿ.

ಹಂತ 4: ಯಾರು ಎಲ್ಲಿ ಕೂರಬೇಕು

ಮುಂದಿನ ಸೀಟು ಎಚ್ಚರವಾಗಿರಬಲ್ಲವರಿಗೆ. ಅಲ್ಲಿ ಕೂತವರು ನಿದ್ದೆ ಮಾಡುವಂತಿಲ್ಲ. ದಾರಿ ನೋಡೋದು, ನೀರು ಕೊಡೋದು, ಡ್ರೈವರ್ ಮುಖ ನೋಡೋದು ಅವರ ಕೆಲಸ. ನಿದ್ದೆ ಬಂದರೆ ಹಿಂದೆ ಹೋಗಿ, ಬೇರೆಯವರು ಮುಂದೆ ಬರಲಿ.

ಮಂಡಿ ನೋವಿನವರಿಗೆ ಎರಡನೇ ಸಾಲಿನ ಕಿಟಕಿ ಬದಿ. ಅವರ ಮುಂದಿನ ಸೀಟನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿ, ಕಾಲು ಚಾಚಲು ಆಗುತ್ತದೆ. ನಡುವಿನ ಸೀಟಿನಲ್ಲಿ ಒಬ್ಬರನ್ನೇ ಇಡೀ ದಿನ ಕೂರಿಸಬೇಡಿ. ಮನೆಯ ಸೊಸೆಗೋ ಚಿಕ್ಕವಳಿಗೋ ಅದು ಖಾಯಂ ಆಗಿಬಿಡುತ್ತದೆ. ಪ್ರತಿ ನಿಲುಗಡೆಯಲ್ಲೂ ಜಾಗ ಬದಲಾಗಲಿ.

ವಾಂತಿ ಬರುವ ಮಗುವನ್ನು ಮೂರನೇ ಸಾಲಿನಲ್ಲಿ ಕೂರಿಸಲೇಬೇಡಿ. ಅಲ್ಲಿ ಕುಲುಕಾಟ ಜಾಸ್ತಿ, ಹೊರಗಿನ ನೋಟ ಕಡಿಮೆ. ಹಾಗಂತ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳೋದು ಅದಕ್ಕಿಂತ ಅಪಾಯ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮೊದಲ ಏಟು ಮಗುವಿಗೇ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಾನೂನಿನ ಪ್ರಕಾರವೂ ಕಡ್ಡಾಯ. ಹಿಂದೆ ಕೂತ ದೊಡ್ಡವರಿಗೂ ಬೆಲ್ಟ್ ಬೇಕು. ಅಜ್ಜಿಗೆ ಹೊಟ್ಟೆ ಒತ್ತುತ್ತದೆ ಅಂದರೆ ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಮೇಲಿಂದ ತೆಗೆದು ಸೊಂಟದ ಮೂಳೆಯ ಮೇಲೆ ಬರುವಂತೆ ಸರಿಮಾಡಿ. ಬೆಲ್ಟ್ ಕೂರಬೇಕಾದ ಜಾಗವೂ ಅದೇ.

ಹಂತ 5: ಹೊಟ್ಟೆಯ ವಿಷಯ

ನಾಗಪುರದ ತರ್ರಿ ಪೋಹಾ ಬಾಯಿಗೆ ರುಚಿ. ಆದರೆ ಈ ದಿನ ಬೆಳಿಗ್ಗೆ ಆ ಖಾರದ ಸಾರು ಬೇಡ. ಬರೀ ಪೋಹಾ ತಿನ್ನಿ. ಖಾಲಿ ಹೊಟ್ಟೆಯಲ್ಲೂ ಹೊರಡಬೇಡಿ. ಹಾಲು, ಬಾಳೆಹಣ್ಣು, ಎರಡು ಬಿಸ್ಕೆಟ್ ತಿಂದು ಹೊರಟು, ಸಿವನಿ ಹತ್ತಿರ ಸರಿಯಾದ ತಿಂಡಿ ಮಾಡಿ.

ಮಧ್ಯಾಹ್ನದ ಊಟವೇ ಇಡೀ ದಿನದ ಹದ ನಿರ್ಧರಿಸುತ್ತದೆ. ಢಾಬಾದ ಬೆಣ್ಣೆ ರೊಟ್ಟಿ, ಪನೀರ್, ಮೇಲೊಂದು ದೊಡ್ಡ ಲಸ್ಸಿ ಸೇರಿದರೆ ಡ್ರೈವರ್ ಕಣ್ಣು ಎರಡು ಗಂಟೆಗೆ ಮುಚ್ಚುತ್ತದೆ. ಊಟ ಬರಲು ಮುಕ್ಕಾಲು ಗಂಟೆ ಕಾಯೋದು ಬೇರೆ. ಅದಕ್ಕೇ ಈ ಒಂದು ದಿನಕ್ಕೆ ನಮ್ಮ ಗೊಜ್ಜವಲಕ್ಕಿ ಹೇಳಿ ಮಾಡಿಸಿದ ತಿನಿಸು. ಒಲೆ ಬೇಡ.

ಮನೆಯಿಂದ ಹೊರಡುವಾಗ ಗಟ್ಟಿ ಅವಲಕ್ಕಿಯನ್ನು ಬೆಚ್ಚಗೆ ಹುರಿದು, ಮಿಕ್ಸಿಯಲ್ಲಿ ರವೆಗಿಂತ ಸ್ವಲ್ಪ ದಪ್ಪಗೆ ತರಿಮಾಡಿ ಡಬ್ಬಿಗೆ ತುಂಬಿ. ಹುಣಸೆರಸಕ್ಕೆ ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ, ಕಡಲೆಬೀಜದ ಒಗ್ಗರಣೆ ಸೇರಿಸಿ, ಎಣ್ಣೆ ಬಿಡುವ ತನಕ ಕುದಿಸಿ ಗಾಜಿನ ಬಾಟಲಿಗೆ ಹಾಕಿ. ಈ ಗೊಜ್ಜಿಗೆ ಒದ್ದೆ ಚಮಚ ತಾಗಿಸಬಾರದು. ಮೂರನೇ ದಿನ ಜಬಲ್‌ಪುರ ಬೈಪಾಸ್ ಹತ್ತಿರ ಬರುವಾಗ, ಹಿಂದೆ ಕೂತವರು ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿ ತರಿ ಹಾಕಿ, ಗೊಜ್ಜನ್ನು ಕುಡಿಯುವ ನೀರಿನಲ್ಲಿ ಕದಡಿ ಅದು ನೆನೆಯುವಷ್ಟು ಸುರಿದು, ಮುಚ್ಚಳ ಹಾಕಿಡಲಿ. ಇಪ್ಪತ್ತು ನಿಮಿಷದಲ್ಲಿ ಅರಳಿ ಉದುರುದುರಾಗಿರುತ್ತದೆ. ಗಾಡಿ ನಿಲ್ಲಿಸಿದ ಕೂಡಲೇ ಊಟ ರೆಡಿ. ಅಂಗಡಿಯಿಂದ ಒಂದು ಡಬ್ಬ ಮೊಸರು ತಂದರೆ ಸಾಕು.

ನೀರಿನ ವಿಷಯಕ್ಕೆ ಬಂದರೆ, ಹೆಂಗಸರು ಮತ್ತು ವಯಸ್ಸಾದವರು ಬಾತ್‌ರೂಮಿಗೆ ಹೆದರಿ ನೀರು ಕುಡಿಯೋದನ್ನೇ ಬಿಡುತ್ತಾರೆ. ಸಂಜೆ ಹೊತ್ತಿಗೆ ತಲೆನೋವು, ಉರಿಮೂತ್ರ, ತಲೆಸುತ್ತು. ಇದಕ್ಕೆ ಬೈದು ನೀರು ಕುಡಿಸೋದರಿಂದ ಪ್ರಯೋಜನವಿಲ್ಲ. ಚೊಕ್ಕಟವಾದ ಬಾತ್‌ರೂಮು ಸಿಗುತ್ತದೆ ಅನ್ನುವ ನಂಬಿಕೆ ಬಂದರೆ ಅವರೇ ಕುಡಿಯುತ್ತಾರೆ. ಅದು ಮುಂದಿನ ಹಂತ.

ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ತಡವಾಗಬಾರದು. ಬೆವರು, ನಡುಕ, ತೊದಲು ಮಾತು, ಕಾರಣವಿಲ್ಲದ ಸಿಟ್ಟು ಕಂಡರೆ ಕೂಡಲೇ ಪರೀಕ್ಷೆ ಮಾಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 112ಕ್ಕೆ ಫೋನ್ ಮಾಡಿ. ಇನ್ಸುಲಿನ್ನನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರು ಪ್ರವಾಸದ ದಿನ ಅದನ್ನು ಯಾವಾಗ ನುಂಗಬೇಕು ಅಂತ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಸುಮ್ನೆ ಬಿಟ್ಟುಬಿಡಬೇಡಿ.

ಹಂತ 6: ಎರಡು ಗಂಟೆಗೊಮ್ಮೆ ನಿಲ್ಲಿಸಿ, ಕೇಳಬೇಡಿ

"ಅಮ್ಮಾ, ಬಾತ್‌ರೂಮಿಗೆ ಹೋಗ್ಬೇಕಾ?" ಅಂತ ಕೇಳಿದರೆ ಬರುವ ಉತ್ತರ "ಬೇಡಪ್ಪ, ನೀನು ನಡಿ". ಮಗನ ದಾರಿ ತಡವಾಗಬಾರದು ಅಂತ ಅವರು ತಡೆದುಕೊಳ್ಳುತ್ತಾರೆ. ಆದ್ದರಿಂದ ಪ್ರಶ್ನೆಯೇ ಬೇಡ. ಎರಡು ಗಂಟೆಯಾದ ಕೂಡಲೇ ದೊಡ್ಡ ಪೆಟ್ರೋಲ್ ಬಂಕ್ ನೋಡಿ ನಿಲ್ಲಿಸಿ. ಎಲ್ಲರೂ ಇಳಿಯಬೇಕು, ಎಲ್ಲರೂ ಹೋಗಿ ಬರಬೇಕು. ಸೊಸೆಯೋ ಮಗಳೋ ಮೊದಲು ಹೋಗಿ ನೋಡಿ ಬರಲಿ. ಚೆನ್ನಾಗಿಲ್ಲದಿದ್ದರೆ ಮುಂದಿನ ಬಂಕ್. ಭಾರತೀಯ ಶೈಲಿಯ ಕಕ್ಕಸು ಮಾತ್ರ ಇದ್ದು ಅಜ್ಜಿಗೆ ಕೂರಲು ಆಗದಿದ್ದರೆ ಊಟಕ್ಕೆ ದೊಡ್ಡ ಹೋಟೆಲ್ಲನ್ನೇ ಆರಿಸಿ.

ಇಳಿದ ಮೇಲೆ ಐದು ನಿಮಿಷ ನಡೆಯಿರಿ. ವಯಸ್ಸಾದವರು ಕಾರಿನ ಬಾಗಿಲು ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸೋದನ್ನು ಇಪ್ಪತ್ತು ಸಲ ಮಾಡಲಿ. ಮೀನಖಂಡ ಹಿಂಡಿದಾಗ ಕೆಳಗೆ ನಿಂತ ರಕ್ತ ಮೇಲೆ ಹರಿಯುತ್ತದೆ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿದರೂ ಆಗುತ್ತದೆ. ಸಂಜೆಗೆ ಎರಡೂ ಪಾದ ಸ್ವಲ್ಪ ಊದಿ ಬೆಳಿಗ್ಗೆ ಇಳಿದರೆ ಸಾಮಾನ್ಯವಾಗಿ ಗಾಬರಿ ಬೇಡ. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದಂತಾದರೆ ಒಂದು ನಿಮಿಷವೂ ಕಾಯಬೇಡಿ.

ನಿಲ್ಲಿಸುವ ಜಾಗ ಬಂಕ್, ಢಾಬಾ, ಲಾರಿ ನಿಲ್ದಾಣವೇ ಆಗಿರಲಿ. ಹೆದ್ದಾರಿಯ ಬಿಳಿ ಗೆರೆಯ ಪಕ್ಕ, ಮರದ ನೆರಳಿನಲ್ಲಿ ಅಂತ ನಿಲ್ಲಿಸಬೇಡಿ. ಪೆಂಚ್ ಕಾಡಿನ ನಡುವೆಯಂತೂ ನಿಲ್ಲಿಸಲೇಬೇಡಿ. ಅಲ್ಲಿ ಪ್ರಾಣಿಗಳು ಕೆಳಗೆ ದಾಟಲಿ ಅಂತ ರಸ್ತೆಯನ್ನೇ ಎತ್ತರಿಸಿ, ಬದಿಗೆ ಗೋಡೆ ಕಟ್ಟಿದ್ದಾರೆ. ಫೋಟೋ ಆಸೆಗೆ ಇಳಿದರೆ ಹಿಂದಿನಿಂದ ಬರುವ ಲಾರಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ಹಂತ 7: ಮಗು ಮೌನವಾದರೆ

ವಾಂತಿ ಇದ್ದಕ್ಕಿದ್ದಂತೆ ಬರುವುದಿಲ್ಲ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾಗುತ್ತದೆ. ಆಕಳಿಸುತ್ತದೆ, ಎಂಜಲು ನುಂಗುತ್ತದೆ, ಮುಖ ಬಿಳಿಚಿ ಹಣೆ ಬೆವರುತ್ತದೆ. ಆಗಲೇ ಫೋನು ಕಿತ್ತಿಟ್ಟು, ಕಿಟಕಿ ಇಳಿಸಿ, ದೂರದ ಗುಡ್ಡ ನೋಡಲು ಹೇಳಿ. ಮುಂದಿನ ಬಂಕ್‌ನಲ್ಲಿ ಇಳಿಸಿ ಹತ್ತು ನಿಮಿಷ ನಡೆಸಿ. ನಿಂಬೆಹಣ್ಣು ಮೂಸಿದರೆ ಕೆಲವರಿಗೆ ಹಾಯೆನಿಸುತ್ತದೆ.

ಈ ದಿನ ಜಾಗ್ರತೆ ಬೇಕಿರೋದು ಖವಾಸಾ ದಾಟಿದ ಮೇಲೆ ಬರುವ ಕುರೈ ಘಾಟಿಯಲ್ಲಿ. ಅದಕ್ಕೆ ಮೊದಲೇ ಫೋನು, ಚಿತ್ರದ ಪುಸ್ತಕ ಒಳಗೆ ಹೋಗಲಿ. ಡ್ಯಾಶ್‌ಬೋರ್ಡಿನ ಸೆಂಟಿನ ಬಾಟಲಿ ಕೂಡ. ಮಾತ್ರೆ ಬೇಕಿದ್ದರೆ ಮಕ್ಕಳ ಡಾಕ್ಟರ್ ಹೇಳಿದ ಅಳತೆಯಲ್ಲಿ, ಅವರು ಹೇಳಿದಷ್ಟು ಹೊತ್ತು ಮೊದಲೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ಅವೋಮಿನ್‌ನಂಥ ಮಾತ್ರೆಗಳು ನಿದ್ದೆ ತರಿಸುತ್ತವೆ. ನೆಗಡಿ ಮಾತ್ರೆಗಳಲ್ಲೂ ಹೆಚ್ಚಿನವು ಹಾಗೇ. ಗಾಡಿ ಓಡಿಸುವವರು ಇವನ್ನು ಮುಟ್ಟಬಾರದು.

ಹಂತ 8: ಮಧ್ಯಾಹ್ನ ಎರಡರಿಂದ ನಾಲ್ಕು

ಇಡೀ ದಿನದಲ್ಲಿ ಅಪಾಯದ ಹೊತ್ತು ಇದು. ಊಟ ಮಾಡಿರಲಿ ಬಿಡಲಿ, ಮೈ ತಾನಾಗಿಯೇ ಮಂಕಾಗುವ ಹೊತ್ತು. ಕಟ್ನಿಯಿಂದ ಮೈಹರ್ ಕಡೆಯ ನೇರ ರಸ್ತೆ, ಬೆಚ್ಚನೆ ಬಿಸಿಲು, ಹಿಂದೆ ಎಲ್ಲರೂ ನಿದ್ದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ 66 ಮೀಟರ್. ಆ 66 ಮೀಟರ್ ಕಾರನ್ನು ಯಾರೂ ಓಡಿಸುತ್ತಿರುವುದಿಲ್ಲ.

ಗುರುತುಗಳು ಇವು: ಬಿಡದೆ ಆಕಳಿಕೆ, ಕಣ್ಣುರಿ, ಹಿಂದಿನ ಎರಡು ಮೂರು ಕಿಲೋಮೀಟರ್ ಹೇಗೆ ಬಂದೆವು ಅಂತ ನೆನಪಾಗದಿರುವುದು, ಚಕ್ರ ರಸ್ತೆಯಂಚಿನ ಉಬ್ಬುಗೆರೆ ಹತ್ತಿ ಗರಗರ ಅನ್ನುವುದು, ಬ್ರೇಕ್ ತಡವಾಗಿ ಒತ್ತುವುದು, ಕತ್ತು ತಟ್ಟನೆ ಮುಂದಕ್ಕೆ ಬೀಳುವುದು. ಕೊನೆಯದು ಕಂಡರೆ ನೀವು ಆಗಲೇ ಒಂದು ಸಲ ನಿದ್ದೆ ಮಾಡಿಯಾಗಿದೆ.

ಕಿಟಕಿ ತೆರೆಯೋದು, ಜೋರಾಗಿ ಹಾಡು ಹಾಕೋದು, ಮುಖಕ್ಕೆ ನೀರು ಚಿಮುಕಿಸೋದು, ಕಡಲೆಬೀಜ ಜಗಿಯೋದು ನಿದ್ದೆಯನ್ನು ಓಡಿಸುವುದಿಲ್ಲ. ನಿದ್ದೆಗೆ ನಿದ್ದೆಯೇ ಮದ್ದು. ಕ್ರಮ ಹೀಗಿರಲಿ:

ಮೊದಲು ಬಂಕ್ ಅಥವಾ ಢಾಬಾದ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ. ಒಂದು ಲೋಟ ಕಾಫಿಯನ್ನೋ ಗಟ್ಟಿ ಚಹಾವನ್ನೋ ಕುಡಿಯಿರಿ. ಕುಡಿದ ಕೂಡಲೇ ಸೀಟು ಹಿಂದಕ್ಕೆ ಮಾಡಿ, 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಕಾಫಿ ಕೆಲಸ ಶುರು ಮಾಡಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ನಿದ್ದೆಯೂ ಆಗಿರುತ್ತದೆ. 20 ನಿಮಿಷಕ್ಕಿಂತ ಜಾಸ್ತಿ ಮಲಗಿದರೆ ಎದ್ದಾಗ ಇನ್ನೂ ಮಂಕು. ಎದ್ದ ಮೇಲೆ ಐದು ನಿಮಿಷ ಓಡಾಡಿ ಆಮೇಲೆ ಸ್ಟೇರಿಂಗ್ ಹಿಡಿಯಿರಿ. ಅಷ್ಟು ಹೊತ್ತು ಮಕ್ಕಳನ್ನು ಹೊರಗೆ ನೋಡಿಕೊಳ್ಳುವ ಕೆಲಸ ಉಳಿದವರದ್ದು.

ಏಸಿಯನ್ನು ಒಳಗಾಳಿಯಲ್ಲೇ ಇಟ್ಟುಕೊಂಡು ಆರು ಜನ ಗಂಟೆಗಟ್ಟಲೆ ಕೂತರೆ ಉಸಿರಿನ ಗಾಳಿಯೇ ಸುತ್ತುತ್ತಿರುತ್ತದೆ. ತೂಕಡಿಕೆಗೆ ಅದೂ ಒಂದು ಕಾರಣ. ಲಾರಿಯ ಹೊಗೆ ಇಲ್ಲದ ಕಡೆ ಹೊರಗಾಳಿಯ ಬಟನ್ ಒತ್ತಿ.

ಇಬ್ಬರು ಓಡಿಸುವವರಿದ್ದರೆ ಎರಡು ಗಂಟೆಗೊಮ್ಮೆ ಬದಲಾಯಿಸಿ. "ನಂಗೆ ಸುಸ್ತಾದಾಗ ಕೊಡ್ತೀನಿ" ಅನ್ನುವವರು ಕೊಡುವುದೇ ಇಲ್ಲ. ಇನ್ನೊಂದು ಮಾತು ಹೊರಡುವ ಮೊದಲೇ ಆಗಿರಬೇಕು. ಪಕ್ಕದಲ್ಲಿ ಕೂತವರು "ರೀ, ನಿಲ್ಲಿಸಿ" ಅಂದರೆ ನಿಲ್ಲಿಸಲೇಬೇಕು. "ಇನ್ನೊಂದು ಹತ್ತು ಕಿಲೋಮೀಟರ್ ಕಣೆ" ಅನ್ನುವ ಉತ್ತರ ಇಲ್ಲ. ತನಗೆ ನಿದ್ದೆ ಬರುತ್ತಿದೆ ಅನ್ನೋದು ಓಡಿಸುವವರಿಗೇ ಎಲ್ಲರಿಗಿಂತ ಕೊನೆಗೆ ಗೊತ್ತಾಗೋದು.

ಹಂತ 9: ಗಾಡಿ ಕೈಕೊಟ್ಟರೆ

ಆದಷ್ಟು ಎಡಕ್ಕೆ ತನ್ನಿ. ನಾಲ್ಕೂ ಇಂಡಿಕೇಟರ್ ಹಾಕಿ. ಮೊದಲು ಜನರನ್ನು ಎಡಬಾಗಿಲಿನಿಂದ ಇಳಿಸಿ, ಕಬ್ಬಿಣದ ತಡೆಯ ಆಚೆ ನಿಲ್ಲಿಸಿ. ಕಾರಿನೊಳಗೆ ಯಾರೂ ಇರಬಾರದು, ನಿದ್ದೆ ಮಾಡುವ ಮಗು ಕೂಡ. ಆಮೇಲೆ ತ್ರಿಕೋನವನ್ನು ಕಾರಿನ ಹಿಂದೆ ದೂರದಲ್ಲಿ ಇಡಿ. ಲಾರಿಯವರಿಗೆ ಪಥ ಬದಲಿಸಲು ಹೊತ್ತು ಸಿಗಬೇಕು. 1033 ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಫೋನ್ ಮಾಡುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಬಲಗಡೆಯ ಚಕ್ರ ಪಂಕ್ಚರ್ ಆಗಿದ್ದು, ಪಕ್ಕದಲ್ಲೇ ಲಾರಿಗಳು ಹಾಯುತ್ತಿದ್ದರೆ ನೀವೇ ಬಿಚ್ಚಲು ಹೋಗಬೇಡಿ.

ಹಂತ 10: ಮಧ್ಯಾಹ್ನದ ತೀರ್ಮಾನ

ಚೀಟಿ ತೆಗೆಯಿರಿ. ಕಟ್ನಿ ತಲುಪಿದಾಗ 3:15 ದಾಟಿದ್ದರೆ ಆ ದಿನದ ಪ್ರಯಾಣ ಕಟ್ನಿಗೇ ಮುಗಿಯಿತು. ಅಲ್ಲಿಂದ ರೀವಾ ಇನ್ನೂ ಸುಮಾರು 140 ಕಿಲೋಮೀಟರ್. ಹೋದರೆ ಕೊನೆಯ ಗಂಟೆ ಕತ್ತಲು. ಹೊಲದಿಂದ ಬರುವ ಟ್ರ್ಯಾಕ್ಟರ್, ಎದುರು ದಿಕ್ಕಿನಲ್ಲಿ ಬರುವ ಬೈಕು, ದನಗಳು ಎಲ್ಲ ಆ ಹೊತ್ತಿಗೇ ರಸ್ತೆಗೆ ಬರುತ್ತವೆ. ಹೀಗೆ ನಿಲ್ಲಲು ಆಗಬೇಕಾದರೆ ರೀವಾದ ರೂಮನ್ನು ಕ್ಯಾನ್ಸಲ್ ಮಾಡಬಹುದಾದ ದರದಲ್ಲೇ ಹಿಡಿದಿರಬೇಕು. ಮುನ್ನೂರು ನಾನೂರು ರೂಪಾಯಿ ಉಳಿಸಲು ಕ್ಯಾನ್ಸಲ್ ಆಗದ ರೂಮು ಹಿಡಿದವರು, ಆ ದುಡ್ಡು ಹೋಗುತ್ತದೆ ಅಂತಲೇ ರಾತ್ರಿ ಓಡಿಸುತ್ತಾರೆ.

ಬೆಳಿಗ್ಗೆ ನಾಲ್ಕಕ್ಕೆ ಎದ್ದವರಿಗೆ ರಾತ್ರಿ ಒಂಬತ್ತಕ್ಕೆ 17 ಗಂಟೆ ಎಚ್ಚರವಾಗಿರುತ್ತದೆ. ಅಷ್ಟು ಹೊತ್ತು ನಿದ್ದೆಯಿಲ್ಲದವರ ಗಮನ, ರಕ್ತದಲ್ಲಿ 0.05% ಮದ್ಯ ಇರುವವರಷ್ಟೇ ಕುಂದುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕುಡಿದು ಓಡಿಸುವುದಕ್ಕೆ ನಮ್ಮ ಕಾನೂನು ಇಟ್ಟಿರುವ ಮಿತಿ 0.03%.

ಹಂತ 11: ರೂಮು ಸೇರಿದ ಮೇಲೆ, ಮತ್ತು ಮರುದಿನ

ಒಬ್ಬರು ಕೌಂಟರಿನಲ್ಲಿ ಆಧಾರ್ ತೋರಿಸುವಷ್ಟರಲ್ಲಿ ಇನ್ನೊಬ್ಬರು ಮಕ್ಕಳು, ಹಿರಿಯರನ್ನು ರೂಮಿಗೆ ಕರೆದೊಯ್ಯಲಿ. ಬಿಸಿನೀರು ಮೊದಲು ಅವರಿಗೆ. ಕಾಲ ಕೆಳಗೆ ದಿಂಬಿಟ್ಟು ಅರ್ಧ ಗಂಟೆ ಮಲಗಲಿ. ಊಟವಾಗುವ ತನಕ ನಾಳೆಯ ಮಾತು ಎತ್ತಬೇಡಿ. ಮೈ ದಣಿದು ಹೊಟ್ಟೆ ಹಸಿದಿರುವಾಗ ಮಾಡುವ ಚರ್ಚೆ ಜಗಳವಾಗಿಯೇ ಮುಗಿಯುತ್ತದೆ.

ರೀವಾದಿಂದ ಕಾಶಿ ಸುಮಾರು 240 ಕಿಲೋಮೀಟರ್, ಅರ್ಧ ದಿನದ ದಾರಿ. ಹಾಗಾಗಿ ಬೆಳಿಗ್ಗೆ ಬೇಗ ಹೊರಡುವ ಹಟ ಬೇಡ. ಡಿಸೆಂಬರ್, ಜನವರಿಯಲ್ಲಿ ಆ ಕಡೆ ದಟ್ಟ ಮಂಜು ಬೀಳುತ್ತದೆ. ಕಿಟಕಿಯಿಂದ ನೋಡಿ, ರಸ್ತೆಯಾಚೆಯ ಕಟ್ಟಡ ಚೆನ್ನಾಗಿ ಕಾಣುವ ತನಕ ಹೊರಡಬೇಡಿ. ಹತ್ತು ಗಂಟೆಯಾದರೂ ಸರಿ. ದಾರಿಯಲ್ಲಿ ಮಂಜು ಸಿಕ್ಕರೆ ಲೈಟ್ ಡಿಮ್ ಮಾಡಿ. ಹೈಬೀಮ್ ಹಾಕಿದರೆ ಮಂಜಿಗೇ ಬಡಿದು ಕಣ್ಣಿಗೆ ಬೆಳ್ಳಗೆ ರಾಚುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಡಿ, ನಿಂತಿದ್ದೀರೋ ತಿರುಗುತ್ತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಹನುಮನಾ ದಾಟಿದ ಮೇಲೆ ಬರುವ ಡ್ರಮಂಡ್‌ಗಂಜ್ ಘಾಟಿಯಲ್ಲಿ ಇಳಿಜಾರು ಜಾಸ್ತಿ. ಎರಡನೇ ಗೇರಿನಲ್ಲಿ ಇಳಿಸಿ. ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಸಮತಟ್ಟಾದ ಜಾಗದಲ್ಲಿ ರಸ್ತೆ ಬಿಟ್ಟು ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಬಿಸಿಯಾದ ಚಕ್ರಕ್ಕೆ ನೀರು ಮಾತ್ರ ಸುರಿಯಬೇಡಿ.